ಅಪ್ಪನನ್ನು ಹುಡುಕಲು ಡಿಎನ್‌ಎ ಕಿಟ್: ಬಳಸಿದವಳ ವಿಮರ್ಶೆ

ಮನೆಗೆ ತರಿಸಿಕೊಂಡು ಮಾಡುವ ಡಿಎನ್‌ಎ ಟೆಸ್ಟ್ ಕಿಟ್‌ಗಳ ಬಗ್ಗೆ ವಿಮರ್ಶೆಗಳು ಬೇಕಾದಷ್ಟಿವೆ. ಹೆಚ್ಚಿನವರು ಬರೆಯುವುದು ತಮ್ಮ ಪೂರ್ವಜರು ಎಲ್ಲಿಂದ ಬಂದವರು ಎಂದು ತೋರಿಸುವ ಬಣ್ಣದ ನಕ್ಷೆಯ ಬಗ್ಗೆ. ನಾನು ಕಿಟ್ ಕೊಂಡಿದ್ದು ಅದಕ್ಕಲ್ಲ. ನನಗೆ ಅಪ್ಪ ಯಾರು, ಎಲ್ಲಿದ್ದಾರೆ ಅಂತ ಗೊತ್ತಾಗಬೇಕಿತ್ತು. ಗೊತ್ತಾಯಿತು. ಜೊತೆಗೆ ಒಬ್ಬ ತಂಗಿ ಮತ್ತು ಒಬ್ಬ ತಮ್ಮ ಇದ್ದಾರೆ ಅಂತಾನೂ ಗೊತ್ತಾಯಿತು. ಹಾಗಾಗಿ ಇದು ನನ್ನ ಹಾಗೆ ಹುಡುಕುತ್ತಿರುವವರಿಗಾಗಿ ಬರೆದ ವಿಮರ್ಶೆ.

ಅಂಕಗಳನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಕಿ ಕೊಡುವ ಕೆಲಸಕ್ಕೆ ಐದಕ್ಕೆ ಐದು. ಹುಡುಕಿ ಕೊಟ್ಟ ಮೇಲೆ ನಮ್ಮನ್ನು ನಡೆಸಿಕೊಂಡ ರೀತಿಗೆ ಐದಕ್ಕೆ ಒಂದು. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಲು ನನಗೆ ಇಷ್ಟವಿಲ್ಲ. ನಾನು ಬಳಸಿದ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಈ ಕ್ಷೇತ್ರದ ದೊಡ್ಡ ಸೇವೆಗಳೆಲ್ಲ ಹೆಚ್ಚು ಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ. ನಾನು ಹೇಳುವ ಬಹುಪಾಲು ಮಾತು ಎಲ್ಲದಕ್ಕೂ ಹೊಂದುತ್ತದೆ.

ಅಪ್ಪನ ಬಗ್ಗೆ ನನ್ನ ಹತ್ತಿರ ಇದ್ದ ಮಾಹಿತಿ ಇಷ್ಟೇ. ಒಂದು ಹೆಸರು, ಅದೂ ನೂರಾರು ಜನರಿಗೆ ಇರುವಂಥ ಹೆಸರು. ಅವರು ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆ, ಅದು ಮುಚ್ಚಿ ಎಷ್ಟೋ ವರ್ಷವಾಗಿದೆ. ಅಮ್ಮನ ಹತ್ತಿರ ಇದ್ದ ಒಂದು ಚಿಕ್ಕ ಫೋಟೋ. ಅದರಲ್ಲಿ ಅವರು ಸೈಕಲ್ ಹಿಡಿದು ನಿಂತಿದ್ದಾರೆ, ಮುಖದ ಅರ್ಧ ಭಾಗ ನೆರಳಿನಲ್ಲಿದೆ. ನಾನು ಹುಟ್ಟುವ ಮೊದಲೇ ಅವರು ಕೆಲಸಕ್ಕೆಂದು ಬೇರೆ ಊರಿಗೆ ಹೋದರು. ಅಮ್ಮ ಕಾಗದ ಬರೆದಳು. ಉತ್ತರ ಬರಲಿಲ್ಲ. ಅಷ್ಟೇ ಕಥೆ ಅಂತ ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಅದಕ್ಕಿಂತ ಜಾಸ್ತಿ ನಾನೂ ಕೇಳಿರಲಿಲ್ಲ.

ನಲವತ್ತು ದಾಟಿದ ಮೇಲೆ ಕೇಳಬೇಕಾಯಿತು. ಯಾವ ಡಾಕ್ಟರ ಹತ್ತಿರ ಹೋದರೂ ಅದೇ ಪ್ರಶ್ನೆ: ತಂದೆಯ ಕಡೆ ಯಾರಿಗಾದರೂ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕ್ಯಾನ್ಸರ್ ಇದೆಯಾ? ಆ ಅರ್ಧ ಪುಟವನ್ನು ನಾನು ಖಾಲಿ ಬಿಡುತ್ತಿದ್ದೆ. ಅದು ಒಂದು ಕಾರಣ. ಅಪ್ಪ ಅನ್ನುವ ಮನುಷ್ಯ ಬದುಕಿರುವಾಗಲೇ ಒಮ್ಮೆ ನೋಡಬೇಕು ಅನ್ನುವುದು ಇನ್ನೊಂದು ಕಾರಣ. ಎರಡನೆಯದೇ ದೊಡ್ಡದು.

ಈಗ ಕಿಟ್ ವಿಷಯ. ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕೊಳವೆ, ಒಂದು ಮುಚ್ಚಳ, ವಾಪಸ್ ಕಳಿಸುವ ಲಕೋಟೆ ಇರುತ್ತವೆ. ಅರ್ಧ ಗಂಟೆ ಏನನ್ನೂ ತಿನ್ನದೆ, ಕುಡಿಯದೆ ಇದ್ದು ಕೊಳವೆಗೆ ಗೆರೆಯವರೆಗೆ ಉಗುಳಬೇಕು. ಸುಮಾರು ಎರಡು ಮಿಲಿಲೀಟರ್ ಬೇಕು. ಮುಚ್ಚಳ ತಿರುಗಿಸಿದರೆ ಅದರೊಳಗಿನ ದ್ರವ ಉಗುಳಿಗೆ ಬೆರೆತು ಮಾದರಿ ಕೆಡದಂತೆ ಕಾಯುತ್ತದೆ. ಮೈಹೆರಿಟೇಜ್‌ನಂಥ ಕೆಲವು ಕಂಪನಿಗಳು ಉಗುಳಿನ ಬದಲು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಕಳಿಸಲು ಹೇಳುತ್ತವೆ. ವಯಸ್ಸಾದವರಿಗೆ ಆ ಕಡ್ಡಿಯೇ ಸುಲಭ. ಬಾಯಿ ಒಣಗಿರುವವರಿಗೆ ಎರಡು ಮಿಲಿಲೀಟರ್ ಉಗುಳು ತುಂಬಿಸುವುದು ಕಷ್ಟದ ಕೆಲಸ. ಕೊಳವೆಯ ಮೇಲಿರುವ ಸಂಖ್ಯೆಯನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ನೋಂದಾಯಿಸದೆ ಕಳಿಸಬೇಡಿ. ಆ ಸಂಖ್ಯೆಯೊಂದೇ ನಿಮ್ಮ ಮಾದರಿಯ ಗುರುತು.

ಲ್ಯಾಬ್‌ನಲ್ಲಿ ನಮ್ಮ ಇಡೀ ಡಿಎನ್‌ಎ ಓದುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಕಿಟ್‌ಗಳು ಒಂದು ಚಿಪ್ ಬಳಸಿ ಅದರಲ್ಲಿ ಆರೇಳು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತವೆ. ದಪ್ಪ ಪುಸ್ತಕವೊಂದರಲ್ಲಿ ಆಯ್ದ ಅಕ್ಷರಗಳನ್ನು ಮಾತ್ರ ಬೆರಳಿಟ್ಟು ನೋಡಿದ ಹಾಗೆ. ಆದರೆ ಸಂಬಂಧ ಕಂಡುಹಿಡಿಯಲು ಅಷ್ಟು ಸಾಕು. ಇಬ್ಬರ ಡಿಎನ್‌ಎಯಲ್ಲಿ ಉದ್ದುದ್ದ ತುಂಡುಗಳು ಒಂದೇ ರೀತಿ ಇದ್ದರೆ ಅವು ಒಬ್ಬರೇ ಪೂರ್ವಜರಿಂದ ಬಂದಿವೆ ಎಂದು ಅರ್ಥ. ಆ ಉದ್ದವನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಈ ಹುಡುಕಾಟಕ್ಕೆ ಇಳಿದವರ ಬಾಯಲ್ಲಿ ದಿನವೆಲ್ಲ ಅದೇ ಮಾತು. ‘ಎಷ್ಟು ಸೆಂಟಿಮಾರ್ಗನ್ ಬಂತು?’

ನನ್ನ ಮೊದಲ ಫಲಿತಾಂಶ ನಿರಾಸೆ ತಂದಿತು. ಪಟ್ಟಿಯಲ್ಲಿ ಇದ್ದವರೆಲ್ಲ ದೂರದ ಕಸಿನ್‌ಗಳು. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕಿಟ್ ನಿಮ್ಮ ಅಪ್ಪನನ್ನು ಹುಡುಕುವುದಿಲ್ಲ. ಆ ಕಂಪನಿಯಲ್ಲಿ ಟೆಸ್ಟ್ ಮಾಡಿಸಿದವರ ಜೊತೆ ನಿಮ್ಮನ್ನು ಹೋಲಿಸುತ್ತದೆ, ಅಷ್ಟೇ. ಅಪ್ಪನಾಗಲಿ ಅವರ ಹತ್ತಿರದವರಾಗಲಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಲ್ಯಾಬ್ ಇದ್ದರೂ ಉಪಯೋಗ ಕಡಿಮೆ. ಈ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಹೆಚ್ಚು. ಉಳಿದವರಿಗೆ ಹತ್ತಿರದ ಹೊಂದಿಕೆ ಸಿಗುವ ಅವಕಾಶ ಈಗಲೂ ಕಡಿಮೆಯೇ. ಸಂಬಂಧದೊಳಗೇ ಮದುವೆಗಳು ನಡೆಯುತ್ತಾ ಬಂದ ಮನೆತನವಾಗಿದ್ದರೆ ಇನ್ನೊಂದು ತೊಡಕು. ಹಲವು ಹಳೆಯ ಪೂರ್ವಜರ ಚಿಕ್ಕ ಚಿಕ್ಕ ತುಂಡುಗಳು ಸೇರಿ ಒಟ್ಟು ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ದೂರದವರು ಹತ್ತಿರದವರ ಹಾಗೆ ಕಾಣುತ್ತಾರೆ. ಆಗ ಒಟ್ಟು ಸಂಖ್ಯೆಗಿಂತ ಅತಿ ಉದ್ದದ ಒಂದು ತುಂಡು ಎಷ್ಟಿದೆ ಎಂದು ನೋಡಬೇಕು.

ಆ ಕಾಯುವ ದಿನಗಳಲ್ಲಿ ನನಗೆ ನಿಜವಾಗಿ ಸಹಾಯ ಮಾಡಿದ್ದು ಅಮ್ಮ. ಎರಡನೇ ಕಿಟ್ ತರಿಸಿ ಅವಳ ಮುಂದೆ ಇಟ್ಟೆ. ನನ್ನ ಪಟ್ಟಿಯಲ್ಲಿ ಇದ್ದು ಅಮ್ಮನ ಪಟ್ಟಿಯಲ್ಲಿ ಇಲ್ಲದವರು ಅಪ್ಪನ ಕಡೆಯವರು. ಈ ಒಂದು ಸೋಸುವಿಕೆಯಿಂದ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಅಮ್ಮ ಕೊಳವೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಹುಡುಕು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಸಿಕ್ಕಿದರೆ ನನ್ನನ್ನು ಕರೀಬೇಡ.’ ನಾನು ಒಪ್ಪಿದೆ. ನಿಮ್ಮ ಅಮ್ಮ ಬದುಕಿದ್ದರೆ, ಅವಳಿಗೆ ಮನಸ್ಸಿದ್ದರೆ, ಅವಳ ಮಾದರಿಯನ್ನು ಖಂಡಿತ ಮಾಡಿಸಿ. ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಇದರಲ್ಲಿ ನೋವು ತಿಂದವಳು ಅವಳು.

ಸುಮ್ಮನೆ ಕಾಯುವುದು ಈ ಸೇವೆಯ ದೊಡ್ಡ ಭಾಗ. ಯಾರೋ ಎಲ್ಲೋ ಕುತೂಹಲಕ್ಕೆ ಕಿಟ್ ಕೊಳ್ಳಬೇಕು, ಆಗ ನಮ್ಮ ಪಟ್ಟಿ ಬದಲಾಗುತ್ತದೆ. ನನಗೆ ಅದು ವರ್ಷಕ್ಕೂ ಹೆಚ್ಚು ಕಾದ ಮೇಲೆ ಆಯಿತು. ಒಂದು ಬೆಳಿಗ್ಗೆ ಪಟ್ಟಿಯ ತುದಿಯಲ್ಲಿ, ಅಮ್ಮನ ಹೆಸರಿನ ಕೆಳಗೆ ಹೊಸ ಹೆಸರು. 1,812 ಸೆಂಟಿಮಾರ್ಗನ್. ಅಮ್ಮನ ಪಟ್ಟಿಯಲ್ಲಿ ಹುಡುಕಿದೆ. ಅಲ್ಲಿ ಆ ಹೆಸರು ಇರಲಿಲ್ಲ.

ಸಂಖ್ಯೆ ಏನು ಹೇಳುತ್ತದೆ ಅಂತ ವಿವರಿಸುತ್ತೇನೆ, ಯಾಕೆಂದರೆ ಕಂಪನಿಯ ಪುಟ ಇದನ್ನು ಸರಿಯಾಗಿ ಹೇಳುವುದಿಲ್ಲ. ಅಪ್ಪ ಅಥವಾ ಅಮ್ಮನ ಜೊತೆ ನಮಗೆ ಸುಮಾರು 3,400 ಅಥವಾ ಅದಕ್ಕಿಂತ ಹೆಚ್ಚು ಹೊಂದುತ್ತದೆ. ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಸರಾಸರಿ 2,600ರ ಹತ್ತಿರ. ಅಪ್ಪ ಮಾತ್ರ ಒಬ್ಬರೇ ಆಗಿದ್ದರೆ ಸರಾಸರಿ 1,750ರ ಆಸುಪಾಸು. ತೊಂದರೆ ಏನೆಂದರೆ ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ, ಅಣ್ಣನ ಮಗಳು, ಇವರೆಲ್ಲರ ಜೊತೆಗೂ ಅದೇ ಸಂಖ್ಯೆ ಬರುತ್ತದೆ. ಎಲ್ಲರೂ ನಮ್ಮ ಡಿಎನ್‌ಎಯ ಕಾಲು ಭಾಗ ಹಂಚಿಕೊಂಡವರು. ಹಾಗಾಗಿ ಆ ಪುಟ ನನಗೆ ತೋರಿಸಿದ್ದು ‘ಹತ್ತಿರದ ಸಂಬಂಧಿ’ ಎಂದು ಮಾತ್ರ. ಅವಳು ನನ್ನ ತಂಗಿಯೋ, ಅತ್ತೆಯೋ, ಸೋದರ ಸೊಸೆಯೋ ಎನ್ನುವುದನ್ನು ನಾನೇ ಬಿಡಿಸಿಕೊಳ್ಳಬೇಕಿತ್ತು.

ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಒಳ್ಳೆಯ ದಾರಿ ಇದೆ. ಕ್ರೋಮೋಸೋಮ್ ಎಂದರೆ ಡಿಎನ್‌ಎಯ ಕಟ್ಟು. ಗಂಡಸಿಗೆ ಇರುವುದು ಒಂದೇ ಎಕ್ಸ್ ಕ್ರೋಮೋಸೋಮ್. ಅದನ್ನು ಅವನು ಹೆಚ್ಚು ಕಡಿಮೆ ಹಾಗೆಯೇ, ಪೂರ್ತಿಯಾಗಿ ತನ್ನ ಪ್ರತಿ ಮಗಳಿಗೂ ಕೊಡುತ್ತಾನೆ. ಹಾಗಾಗಿ ಒಬ್ಬನೇ ಅಪ್ಪನ ಇಬ್ಬರು ಹೆಣ್ಣುಮಕ್ಕಳ ಎಕ್ಸ್ ಈ ತುದಿಯಿಂದ ಆ ತುದಿಯವರೆಗೆ ಹೊಂದುತ್ತದೆ, ಅಮ್ಮಂದಿರು ಬೇರೆಯಾದರೂ. ಅತ್ತೆಯ ಜೊತೆ ಹಾಗೆ ಪೂರ್ತಿ ಹೊಂದುವುದು ಸಾಮಾನ್ಯವಲ್ಲ. ಅಣ್ಣತಮ್ಮಂದಿರಿಗೆ ಈ ದಾರಿ ಇಲ್ಲ. ಅವರಿಗೆ ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಇದೆ. ಆದರೆ ವೈ ಹೊಂದಿದರೆ ಗಂಡಸರ ಸಾಲು ಒಂದೇ ಎಂದು ಗೊತ್ತಾಗುತ್ತದೆಯೇ ಹೊರತು ಅಪ್ಪ ಒಬ್ಬನೇ ಎಂದು ಅದೊಂದರಿಂದಲೇ ಹೇಳಲು ಬರುವುದಿಲ್ಲ. ಎಲ್ಲ ಕಂಪನಿಗಳೂ ಎಕ್ಸ್ ಹೋಲಿಕೆ ತೋರಿಸುವುದಿಲ್ಲ. ನನ್ನದು ತೋರಿಸಲಿಲ್ಲ. ಕಂಪನಿಯಿಂದ ನಮ್ಮ ಡಿಎನ್‌ಎ ಮಾಹಿತಿಯ ಕಚ್ಚಾ ಫೈಲ್ ಇಳಿಸಿಕೊಂಡು, ಬೇರೆ ಬೇರೆ ಕಂಪನಿಗಳ ಫೈಲ್‌ಗಳನ್ನು ಹೋಲಿಸುವ ಜೆಡ್‌ಮ್ಯಾಚ್ ಎಂಬ ತಾಣಕ್ಕೆ ಹಾಕಿದರೆ ಅಲ್ಲಿ ಎಕ್ಸ್ ಅನ್ನು ಹೋಲಿಸಬಹುದು. ಆದರೆ ಇಬ್ಬರೂ ಹಾಕಬೇಕು. ಅಂದರೆ ಅವಳನ್ನು ಮೊದಲು ಮಾತಾಡಿಸಬೇಕು.

ಇಲ್ಲಿಂದ ನನ್ನ ದೂರು ಶುರು.

ಇಷ್ಟು ದೊಡ್ಡ ಸುದ್ದಿಯನ್ನು ಕಂಪನಿ ಒಂದು ಪಟ್ಟಿಯ ಸಾಲಿನಂತೆ ಕೈಗೆ ಕೊಟ್ಟು ಸುಮ್ಮನಾಯಿತು. ಪಕ್ಕದಲ್ಲಿ ಒಂದು ಮೆಸೇಜ್ ಪೆಟ್ಟಿಗೆ. ಏನು ಬರೆಯಬೇಕು, ಏನು ಬರೆಯಬಾರದು, ಆ ಕಡೆಯವರಿಗೆ ಏನು ಗೊತ್ತಿರಬಹುದು, ಯಾವುದರ ಸುಳಿವೂ ಇಲ್ಲ. ನನ್ನದು ಬಿಡಿ, ನಾನು ಹುಡುಕಿಕೊಂಡು ಬಂದವಳು. ಅವಳು ಬಂದಿದ್ದು ಬಣ್ಣದ ನಕ್ಷೆ ನೋಡಲು. ಗೆಳತಿಯೊಬ್ಬಳು ಉಡುಗೊರೆ ಕೊಟ್ಟ ಕಿಟ್ ಅದು. ಅವಳಿಗೆ ಬಂದ ಮೇಲ್‌ನ ಶೀರ್ಷಿಕೆಯಲ್ಲಿ ‘ಶುಭ ಸುದ್ದಿ, ಹೊಸ ಹತ್ತಿರದ ಸಂಬಂಧಿ ಸಿಕ್ಕಿದ್ದಾರೆ’ ಎಂದು ಇತ್ತಂತೆ. ಆಫೀಸಿನ ಮೀಟಿಂಗ್ ಮಧ್ಯೆ ಫೋನ್‌ನಲ್ಲಿ ಅದನ್ನು ಓದಿದಳಂತೆ. ತನ್ನ ಅಪ್ಪನಿಗೆ ಇನ್ನೊಬ್ಬ ಮಗಳಿದ್ದಾಳೆ ಎನ್ನುವುದು ಒಬ್ಬಳಿಗೆ ತಿಳಿಯಬೇಕಾದ ರೀತಿ ಅದಾ? ಇದು ನನಗೆ ಇಂದಿಗೂ ಸಿಟ್ಟು ಬರಿಸುವ ವಿಷಯ. ಹತ್ತಿರದ ಹೊಂದಿಕೆ ಬಂದಾಗ ತೋರಿಸುವ ಮೊದಲು ‘ನಿಮಗೆ ಗೊತ್ತಿಲ್ಲದ ಹತ್ತಿರದ ಸಂಬಂಧ ಇಲ್ಲಿ ಕಾಣಬಹುದು, ನೋಡುತ್ತೀರಾ?’ ಎಂದು ನಿಲ್ಲಿಸಿ ಕೇಳಬೇಕು. ನೋಂದಾಯಿಸುವಾಗ ಉದ್ದದ ನಿಯಮಗಳ ಮಧ್ಯೆ ಒಂದು ಸಾಲು ಎಚ್ಚರಿಕೆ ಇಟ್ಟರೆ ಸಾಲದು.

ನಾನು ಬರೆದ ಮೆಸೇಜನ್ನು ಇಲ್ಲಿ ಪೂರ್ತಿ ಕೊಡುತ್ತೇನೆ. ಇದನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು.

‘ನಮಸ್ಕಾರ. ಈ ತಾಣದಲ್ಲಿ ನಮ್ಮಿಬ್ಬರ ಹೊಂದಿಕೆ ಹತ್ತಿರದ್ದೆಂದು ಬಂದಿದೆ. ನನ್ನ ಅಮ್ಮನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಹಾಗಾಗಿ ನೀವು ನನ್ನ ತಂದೆಯ ಕಡೆಯವರಿರಬಹುದು. ನನ್ನ ತಂದೆಯನ್ನು ನಾನು ನೋಡಿಲ್ಲ. ನಿಮ್ಮ ಮನೆಗೆ ತೊಂದರೆ ಕೊಡುವ ಉದ್ದೇಶ ನನಗಿಲ್ಲ. ಹಣ, ಆಸ್ತಿ ಯಾವುದೂ ಬೇಡ. ನೀವು ಉತ್ತರ ಕೊಡದಿದ್ದರೆ ಮತ್ತೆ ಬರೆಯುವುದಿಲ್ಲ. ಕೊಡುವುದಾದರೆ ಎಷ್ಟು ಸಮಯ ಬೇಕಾದರೂ ತೆಗೆದುಕೊಳ್ಳಿ.’

ಅಪ್ಪನ ಹೆಸರನ್ನು ಬೇಕಂತಲೇ ಬರೆಯಲಿಲ್ಲ. ಆ ಹೆಸರು ಮೊದಲು ಅವಳ ಕಡೆಯಿಂದ ಬರಲಿ ಎಂದುಕೊಂಡೆ. ಫೋಟೋ ಕಳಿಸಲಿಲ್ಲ. ‘ತಂಗಿ’ ಎಂದು ಕರೆಯಲಿಲ್ಲ. ಅವಳು ಮೆಸೇಜ್ ಓದಿದ್ದಾಳೆ ಎಂದು ತಾಣ ತೋರಿಸಿತು. ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಓದಿದ ಗುರುತು ತೋರಿಸುವ ಆ ಸೌಲಭ್ಯವನ್ನು ಇಂಥ ಜಾಗದಲ್ಲಿ ತೆಗೆದುಹಾಕಬೇಕು. ಓದಿದವಳಿಗೂ ಅದು ಒತ್ತಡ, ಕಾಯುವವಳಿಗೂ ಹಿಂಸೆ.

ಅವಳ ಉತ್ತರ ಎರಡೇ ಸಾಲಿನದ್ದು. ‘ನಿಮ್ಮ ತಾಯಿಯ ಹೆಸರು ಏನು? ನಮ್ಮ ತಂದೆ ಮದುವೆಗೆ ಮೊದಲು ಒಂದು ಕಾರ್ಖಾನೆಯಲ್ಲಿದ್ದರು.’ ಕೆಳಗೆ ಕಾರ್ಖಾನೆಯ ಹೆಸರು. ಅಮ್ಮ ಹೇಳಿದ್ದ ಅದೇ ಹೆಸರು.

ಜೆಡ್‌ಮ್ಯಾಚ್‌ಗೆ ಫೈಲ್ ಹಾಕಲು ಅವಳು ಹಿಂಜರಿದಳು. 2018ರಲ್ಲಿ ಅಮೆರಿಕದ ಪೊಲೀಸರು ಗೋಲ್ಡನ್ ಸ್ಟೇಟ್ ಕಿಲ್ಲರ್ ಎಂದು ಕರೆಯುತ್ತಿದ್ದ ಹಳೆಯ ಕೊಲೆಗಾರನನ್ನು ಹಿಡಿದಿದ್ದು ಅಲ್ಲಿನ ದೂರದ ಸಂಬಂಧಿಕರ ಫೈಲ್‌ಗಳ ಸಹಾಯದಿಂದ. ಅದನ್ನು ಅವಳು ಓದಿದ್ದಳು. 2019ರಲ್ಲಿ ಆ ತಾಣ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟವರ ಫೈಲ್‌ಗಳ ಜೊತೆ ಮಾತ್ರ ಪೊಲೀಸರು ಹೋಲಿಸಬಹುದು ಎಂದು ಮಾಡಿತು. ಒಪ್ಪಿಗೆಯ ಗುಂಡಿ ಮುಟ್ಟದೆ ಇಬ್ಬರೂ ಫೈಲ್ ಹಾಕಿದೆವು. ಎಕ್ಸ್ ಪೂರ್ತಿ ಹೊಂದಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ಕಡಿಯದ ಒಂದೇ ಪಟ್ಟಿ. ಅದನ್ನು ನೋಡಿದ ಮೇಲೆ ಅವಳು ಮೊದಲ ಸಲ ಫೋನ್ ಮಾಡಿದಳು. ‘ಅಕ್ಕಾ ಅನ್ನಬಹುದಾ?’ ಎಂದು ಕೇಳಿದಳು. ನನಗೆ ಮಾತು ಹೊರಡಲಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರೂ ಅಲ್ಲಿಂದ ಫೈಲ್‌ಗಳನ್ನು ಅಳಿಸಿದೆವು.

ಕಿಟ್‌ಗೆ ಐದಕ್ಕೆ ಐದು ಕೊಟ್ಟಿದ್ದು ಇದಕ್ಕೇ. ನಮ್ಮಿಬ್ಬರ ಮಧ್ಯೆ ‘ಇದು ನಿಜಾನಾ, ಸುಳ್ಳಾ’ ಎನ್ನುವ ಜಗಳಕ್ಕೆ ಜಾಗವೇ ಉಳಿಯಲಿಲ್ಲ. ಬರೀ ಫೋಟೋ, ಹೆಸರು ಹಿಡಿದು ಅವರ ಬಾಗಿಲಿಗೆ ಹೋಗಿದ್ದರೆ ನನ್ನನ್ನು ಯಾರೂ ನಂಬುತ್ತಿರಲಿಲ್ಲ. ನಾನೂ ನಂಬಬೇಕಿರಲಿಲ್ಲ. ಮೂಗು ಹೋಲುತ್ತದೆ, ಹಣೆ ಹೋಲುತ್ತದೆ ಎಂದು ಯಾರಿಗೆ ಯಾರನ್ನು ಬೇಕಾದರೂ ಹೋಲಿಸಬಹುದು ಅಲ್ವಾ.

ಆದರೆ ತಮ್ಮನ ವಿಷಯ ಬೇರೆ. ಅವನು ವರದಿ ನೋಡಿದ. ನಂಬಿದ. ಆದರೂ ನನ್ನನ್ನು ನೋಡಲು ಒಪ್ಪಲಿಲ್ಲ. ‘ಅವರಿಗೆ ಏನು ಬೇಕಂತೆ?’ ಎಂದು ತಂಗಿಯ ಹತ್ತಿರ ಕೇಳಿದನಂತೆ. ಆಸ್ತಿಯ ಭಯ ಇತ್ತು, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಮನೆಯಲ್ಲಿ ಮಾಡುವ ಇಂಥ ಟೆಸ್ಟ್ ಕೋರ್ಟಿಗೆ ಬೇಕಾದಂಥ ಸಾಕ್ಷಿಯಲ್ಲ ಎಂದು ಅವನಿಗೆ ತಿಳಿಸಲು ಹೇಳಿದೆ. ಕೊಳವೆಗೆ ಉಗುಳಿದ್ದು ಯಾರು ಎಂದು ನೋಡಿದ ಮೂರನೆಯವರು ಇಲ್ಲಿ ಇರುವುದಿಲ್ಲ. ಕಾನೂನಿಗೆ ಬೇಕಾದರೆ ಗುರುತಿನ ಚೀಟಿ ನೋಡಿ, ಸಾಕ್ಷಿಯ ಎದುರು ಮಾದರಿ ತೆಗೆದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡುವ ಬೇರೆಯೇ ಪರೀಕ್ಷೆ ಇದೆ. ಅಂಥದ್ದನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಇದರಿಂದ ಅವನ ಭಯ ಸ್ವಲ್ಪ ಕಡಿಮೆಯಾಯಿತು ಎಂದು ತಂಗಿ ಹೇಳಿದಳು. ನೋವು ಕಡಿಮೆಯಾಗಿರಲಿಲ್ಲ. ಅವನ ಕಣ್ಣಲ್ಲಿ ಅಪ್ಪ ಅಂದರೆ ಎಂದೂ ಸುಳ್ಳು ಹೇಳದ ಮನುಷ್ಯ. ಆ ಅಪ್ಪನನ್ನು ನಾನು ಅವನಿಂದ ಕಿತ್ತುಕೊಂಡಿದ್ದೆ. ನಾನು ಕೇಳಿಕೊಂಡು ಬಂದ ಸತ್ಯಕ್ಕೆ ಬೆಲೆ ತೆತ್ತವನು ಅವನು.

ತಂಗಿಯನ್ನು ಮೊದಲು ಒಬ್ಬಳನ್ನೇ ಭೇಟಿಯಾದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ: ಅಪ್ಪನಿಗಿಂತ ಮೊದಲು ಒಡಹುಟ್ಟಿದವರನ್ನು ನೋಡಿ, ಒಬ್ಬೊಬ್ಬರನ್ನಾಗಿ, ಯಾರ ಮನೆಯೂ ಅಲ್ಲದ ಜಾಗದಲ್ಲಿ. ನಾವು ಕೂತಿದ್ದು ಒಂದು ಗ್ರಂಥಾಲಯದ ಹೊರಗಿನ ಬೆಂಚಿನ ಮೇಲೆ. ಅವಳು ಆಲ್ಬಮ್ ತಂದಿದ್ದಳು. ಪ್ರತಿ ಫೋಟೋ ತೋರಿಸುವಾಗಲೂ ತಡವರಿಸುತ್ತಿದ್ದಳು, ಅಪ್ಪ ಅವಳನ್ನು ಎತ್ತಿಕೊಂಡಿರುವ ಫೋಟೋ ಬಂದಾಗ ಪುಟ ಬೇಗ ತಿರುಗಿಸಿದಳು. ನಾನು ಕೈ ಹಿಡಿದು ನಿಲ್ಲಿಸಿದೆ. ನನಗೆ ಅದೇ ನೋಡಬೇಕಿತ್ತು. ಅವರು ಮಗುವನ್ನು ಎತ್ತಿಕೊಳ್ಳುವ ರೀತಿ, ಎಡಗೈ ಕೆಳಗೆ, ಬಲಗೈ ತಲೆಯ ಹಿಂದೆ. ಆ ದಿನ ನನಗೆ ಹೊಟ್ಟೆಕಿಚ್ಚಾಯಿತು. ಅದರ ಜೊತೆಗೇ ಅವಳ ಮೇಲೆ ಅಕ್ಕರೆಯೂ ಬಂತು. ಎರಡೂ ಒಟ್ಟಿಗೆ ಬರುತ್ತವೆ, ಗಾಬರಿಯಾಗಬೇಡಿ. ಅವಳಿಗೂ ಹಾಗೇ ಆಗಿತ್ತಂತೆ, ತಾನೇ ಹಿರಿಮಗಳು ಎಂದುಕೊಂಡು ಬೆಳೆದವಳು.

ಅಪ್ಪನಿಗೆ ವಿಷಯ ಹೇಳಿದ್ದು ತಂಗಿ. ಎಪ್ಪತ್ತು ದಾಟಿದ ಮನುಷ್ಯ. ಅವಳು ನನ್ನ ಅಮ್ಮನ ಹೆಸರು ಹೇಳಿದ ಕೂಡಲೇ ಕುರ್ಚಿಯಲ್ಲಿ ಕೂತರಂತೆ. ನಿರಾಕರಿಸಲಿಲ್ಲ. ಅವರ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆಕೆ ಇದ್ದಿದ್ದರೆ ನಾನು ಈ ಭೇಟಿಗೆ ಒಪ್ಪುತ್ತಿದ್ದೆನೋ ಇಲ್ಲವೋ, ಹೇಳುವುದು ಕಷ್ಟ.

ಅದೇ ಬೆಂಚಿನ ಹತ್ತಿರ ಅವರು ಬಂದರು. ಫೋಟೋದಲ್ಲಿ ಇದ್ದ ಎತ್ತರ ಇರಲಿಲ್ಲ. ನನ್ನ ಮುಖ ನೋಡಲು ತಲೆಯನ್ನು ಒಂದು ಬದಿಗೆ ತಿರುಗಿಸಿದರು. ಮೊದಲು ಕೇಳಿದ್ದು ‘ನಿನ್ನ ಅಮ್ಮ ಹೇಗಿದ್ದಾಳೆ?’ ಎಂದು. ಚೆನ್ನಾಗಿದ್ದಾಳೆ ಎಂದೆ. ಸ್ವಲ್ಪ ಹೊತ್ತಾದ ಮೇಲೆ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ. ಕಾಗದ ತಲುಪಿತ್ತಾ? ತಲುಪಿತ್ತು ಎಂದರು. ‘ಓದಿದೆ. ಇಟ್ಟುಕೊಂಡಿದ್ದೆ. ಉತ್ತರ ಬರೆಯಲಿಲ್ಲ.’ ಕಾರಣ ಹೇಳಲು ಹೊರಟರು, ಮಧ್ಯದಲ್ಲೇ ನಿಲ್ಲಿಸಿದರು. ನಾನು ಇಷ್ಟು ವರ್ಷ ಆ ಕಾಗದ ದಾರಿಯಲ್ಲಿ ಕಳೆದುಹೋಗಿರಬೇಕು ಎಂದು ನಂಬಿದ್ದೆ. ಹಾಗಿರಲಿಲ್ಲ. ಯಾವ ಲ್ಯಾಬ್ ವರದಿಯಲ್ಲೂ ಇಂಥ ಸಾಲು ಇರುವುದಿಲ್ಲ. ಆ ದಿನ ನನಗೆ ಅವರ ಮೇಲೆ ಸಿಟ್ಟು ಇತ್ತು, ಈಗಲೂ ಇದೆ. ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ಗೌರವವೂ ಇದೆ. ಕ್ಷಮೆಯ ಮಾತು ನಮ್ಮಿಬ್ಬರ ಮಧ್ಯೆ ಇನ್ನೂ ಬಂದಿಲ್ಲ. ತಿಂಗಳಿಗೆ ಒಂದೆರಡು ಸಲ ಫೋನ್‌ನಲ್ಲಿ ಮಾತಾಡುತ್ತೇವೆ. ಅವರು ಮಳೆ ಬಗ್ಗೆ, ಓದಿದ ಸುದ್ದಿ ಬಗ್ಗೆ ಹೇಳುತ್ತಾರೆ. ನಾನು ಕೇಳುತ್ತೇನೆ. ‘ಅಪ್ಪ’ ಎಂದು ಬರೆಯಲು ನನಗೆ ಬರುತ್ತದೆ. ಎದುರಿಗೆ ಕರೆಯಲು ಇನ್ನೂ ಬಾಯಿ ಬರುತ್ತಿಲ್ಲ.

ಭೇಟಿಯಾಗಿ ಕೆಲವು ದಿನಗಳ ನಂತರ ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬಂತು. ‘ಅಪ್ಪನಿಗೆ ಗ್ಲಾಕೋಮಾ. ಬದಿಯ ದೃಷ್ಟಿ ಹೋಗಿದೆ. ನಿಮಗೆ ನಲವತ್ತು ದಾಟಿದೆ, ಕಣ್ಣು ತೋರಿಸಿಕೊಳ್ಳಿ.’ ಕೆಳಗೆ ತಮ್ಮನ ಹೆಸರು. ಅವರು ತಲೆ ತಿರುಗಿಸಿ ನನ್ನನ್ನು ನೋಡಿದ್ದು ಅದಕ್ಕೆ ಎಂದು ಆಗ ಅರ್ಥವಾಯಿತು. ಗ್ಲಾಕೋಮಾ ಹೆಚ್ಚಿನವರಲ್ಲಿ ಶುರುವಿನಲ್ಲಿ ನೋಯುವುದಿಲ್ಲ, ಗೊತ್ತೇ ಆಗುವುದಿಲ್ಲ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಬೇಗ ಕಂಡುಹಿಡಿದರೆ ಹನಿ ಔಷಧಿಯಿಂದಲೇ ಕಣ್ಣಿನ ಒತ್ತಡ ಇಳಿಸಿ ಅದು ಮುಂದುವರಿಯುವುದನ್ನು ನಿಧಾನ ಮಾಡಬಹುದು. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಇದ್ದರೆ ನಮಗೆ ಬರುವ ಅಪಾಯ ಹಲವು ಪಟ್ಟು ಜಾಸ್ತಿ. ನಾನು ತೋರಿಸಿಕೊಂಡೆ. ಒತ್ತಡ ಮೇಲಿನ ಗಡಿಯಲ್ಲಿದೆ, ಔಷಧಿ ಬೇಡ, ವರ್ಷಕ್ಕೊಮ್ಮೆ ನೋಡಬೇಕು ಎಂದರು ಡಾಕ್ಟರು. ಫಲಿತಾಂಶವನ್ನು ತಮ್ಮನಿಗೆ ಬರೆದೆ. ‘ಸರಿ’ ಎಂದು ಉತ್ತರ ಬಂತು. ಅವನನ್ನು ನಾನು ಇನ್ನೂ ನೋಡಿಲ್ಲ. ಆದರೆ ನನ್ನನ್ನು ನೋಡಲು ಒಪ್ಪದ ತಮ್ಮ ನನ್ನ ಕಣ್ಣಿನ ಬಗ್ಗೆ ಯೋಚಿಸಿದ್ದ.

ಕೆಲವು ಕಂಪನಿಗಳು ಕಿಟ್ ಜೊತೆ ಆರೋಗ್ಯದ ವರದಿಯನ್ನೂ ಮಾರುತ್ತವೆ. ಆಯ್ದ ಕೆಲವು ಜಾಗಗಳನ್ನು ಮಾತ್ರ ನೋಡಿ ಹೇಳುವ ಆ ವರದಿ ಮನೆತನದ ಕಾಯಿಲೆಯ ಇತಿಹಾಸಕ್ಕೆ ಬದಲಿಯಲ್ಲ. ಅಪ್ಪನ ಕಡೆಯವರು ಸಿಕ್ಕಿದರೆ ಮೊದಲ ಭೇಟಿಗಳಲ್ಲೇ ಇದನ್ನು ಕೇಳಲು ನಾಚಿಕೊಳ್ಳಬೇಡಿ.

ಈಗ ಮಾಹಿತಿಯ ಸುರಕ್ಷತೆ. ಇದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. 2023ರಲ್ಲಿ ಟ್ವೆಂಟಿಥ್ರೀ ಅಂಡ್ ಮಿ ಕಂಪನಿಯ ಸುಮಾರು 14,000 ಖಾತೆಗಳಿಗೆ ಕಳ್ಳರು ನುಗ್ಗಿದರು. ಬೇರೆ ತಾಣಗಳಿಂದ ಸೋರಿದ್ದ ಪಾಸ್‌ವರ್ಡ್‌ಗಳನ್ನೇ ಇಲ್ಲೂ ಹಾಕಿ ನೋಡಿದ್ದರು. ಅಲ್ಲಿಂದ ಸಂಬಂಧಿಕರ ಪಟ್ಟಿಯ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಅವರ ಕೈಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಷ್ಟು ಜನರ ಡಿಎನ್‌ಎ ಮಾಹಿತಿ ಯಾರ ಕೈ ಸೇರುತ್ತದೆ ಎನ್ನುವ ಪ್ರಶ್ನೆ ಎದ್ದಿತು. ಹಾಗಾಗಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ಲಾಗಿನ್ ಹಾಕಿ. ಪೂರ್ತಿ ಹೆಸರಿನ ಬದಲು ಮನೆಯಲ್ಲಿ ಕರೆಯುವ ಹೆಸರು ಸಾಕು. ಬಿಡಬೇಕು ಅನಿಸಿದಾಗ ಖಾತೆ ಅಳಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಲ್ಯಾಬ್‌ನಲ್ಲಿ ಉಳಿದಿರುವ ಉಗುಳಿನ ಮಾದರಿಯನ್ನು ನಾಶ ಮಾಡಿ ಎಂದು ಬೇರೆಯಾಗಿ ಕೇಳಬೇಕಾಗಬಹುದು. ತಂಗಿ ಹಾಗೆ ಕೇಳಿ, ಆಗಿದೆ ಎನ್ನುವ ಮೇಲ್ ಬರುವವರೆಗೂ ಬೆನ್ನು ಹತ್ತಿದಳು.

ಯಾರು ಕೊಳ್ಳಬೇಕು? ಹೆಸರು, ಊರು ಯಾವುದರಿಂದಲೂ ದಾರಿ ಸಿಗದವರು ಕೊಳ್ಳಿ. ಹತ್ತಿರದವರು ಸಿಗದಿದ್ದರೂ ವರ್ಷಗಟ್ಟಲೆ ಕಾಯುವ ತಾಳ್ಮೆ ಇರಬೇಕು. ಅಪ್ಪನ ಹೆಸರು, ವಿಳಾಸ ಮೊದಲೇ ಗೊತ್ತಿದ್ದರೆ ಕಿಟ್ ಬೇಡ, ನೇರವಾಗಿ ಒಂದು ಕಾಗದ ಬರೆಯಿರಿ. ಒಂದು ಕಂಪನಿಯ ಪಟ್ಟಿಯಲ್ಲಿ ಇರುವವರು ಇನ್ನೊಂದರಲ್ಲೂ ಇರುತ್ತಾರೆ ಎಂದೇನಿಲ್ಲ, ಹಾಗಾಗಿ ದೊಡ್ಡ ಪಟ್ಟಿ ಇರುವ ಕಡೆ ಶುರು ಮಾಡಿ. ಅಪ್ಪ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಕೊಳ್ಳುವವರಿಗೆ ಮಾತ್ರ ನಾನು ಈಗಲೇ ಬೇಡ ಎನ್ನುತ್ತೇನೆ. ಬಾಗಿಲು ಮುಚ್ಚಿಕೊಂಡರೂ ತಡೆದುಕೊಳ್ಳಬಲ್ಲೆ ಅನಿಸಿದಾಗ ಕೊಳ್ಳಿ. ಜೊತೆಗೆ ಮಾತಾಡಲು ಒಬ್ಬರು ಇರಲಿ, ಗೆಳತಿಯಾಗಲಿ, ಆಪ್ತ ಸಲಹೆಗಾರರಾಗಲಿ. ಸುಮ್ನೆ ಕುತೂಹಲಕ್ಕೆ ಕೊಳ್ಳುವವರಿಗೂ ಒಂದು ಮಾತು: ಬೇಡ ಅನಿಸಿದರೆ ಹೊಂದಿಕೆಯ ಪಟ್ಟಿಯನ್ನು ಸೆಟ್ಟಿಂಗ್‌ನಲ್ಲಿ ಮುಚ್ಚಿಡಬಹುದು. ತೆರೆದೇ ಇಟ್ಟುಕೊಂಡಿದ್ದರೆ, ನನ್ನಂಥವಳ ಮೆಸೇಜ್ ಬಂದಾಗ ‘ನನಗೆ ಮಾತಾಡಲು ಇಷ್ಟವಿಲ್ಲ’ ಎಂಬ ಒಂದು ಸಾಲನ್ನಾದರೂ ಬರೆಯಿರಿ.

ನನ್ನ ಖಾತೆಯನ್ನು ನಾನು ಅಳಿಸಿಲ್ಲ. ದೂರದ ಕಸಿನ್‌ಗಳಿಂದ ಆಗಾಗ ಪ್ರಶ್ನೆ ಬರುತ್ತವೆ. ತಮ್ಮದೇ ಹುಡುಕಾಟದಲ್ಲಿ ಇರುವವರು, ಅಜ್ಜಿಯ ಮೂಲ ಕೇಳುವವರು. ಅಮ್ಮನ ಕಡೆಯದ್ದಾದರೆ ಅಮ್ಮನನ್ನು ಕೇಳಿ, ಗೊತ್ತಿರುವಷ್ಟು ಬರೆಯುತ್ತೇನೆ. ಅಪ್ಪನ ಕಡೆಯದ್ದಾದರೆ ಮೊದಲು ತಂಗಿಗೆ ಕಳಿಸುತ್ತೇನೆ. ಅವಳು ಅಪ್ಪನನ್ನು ಕೇಳಿ, ತಮ್ಮನಿಗೂ ತಿಳಿಸಿ, ಸರಿ ಎಂದ ಮೇಲೆ ಮಾತ್ರ ಹೆಸರು ಕೊಡುತ್ತೇನೆ.